ಬಾಣಂತಿ ಕೋಣೆಗೆ ಇದ್ದಿಲು ಹೊತ್ತ ಜವರ

ಕಾಲು ಒಳಗೆ ಎಳ್ಕೋ ಕಂದ, ಚಳಿ ಇದೆ. ಹಾಂ, ಹಾಗೆ. ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅಂತಿರ್ಬೇಕು. ನಡುನಡುವೆ ಅದ್ಯಾಕೆ ಇದ್ಯಾಕೆ ಅಂತ ಕೇಳಿ ನನ್ನ ದಾರಿ ತಪ್ಪಿಸಿದ್ರೆ ಕತೆ ಅಲ್ಲೇ ನಿಲ್ಲಿಸಿ ಗೊರಕೆ ಹೊಡೀತೀನಿ ಅಷ್ಟೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕೈಕಾಲು ಆಡಿಸ್ತಿದ್ದ ಕಾಲದಲ್ಲಿ, ಒಂದು ದೊಡ್ಡ ಬೆಟ್ಟ ಇತ್ತಂತೆ, ಬೆಟ್ಟದ ನೆತ್ತಿ ಮೇಲೊಂದು ಕೋಟೆ, ಕೋಟೆ ಒಳಗೊಂದು ಊರು. ಊರ ಹೆಸರು ಮಂಜಿನಕೋಟೆ. ಅಲ್ಲಿ ಚಳಿ ಅಂದ್ರೆ ಎಂಥಾ ಚಳಿ ಅಂತೀಯ, ಎಣ್ಣೆ ಗಡಿಗೇಲೇ ಹೆಪ್ಪುಗಟ್ಟೋದಂತೆ, ಹಸುವಿನ ಕೊಂಬಿಗೂ ಬಟ್ಟೆ ಸುತ್ತೋರಂತೆ, ಬೀದೀಲಿ ಇಬ್ಬರು ಜಗಳಕ್ಕೆ ನಿಂತ್ರೆ ಬಾಯಿಂದ ಬರೋ ಹಬೇಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಜಗಳ ಅಲ್ಲಿಗೇ ಮುಗಿಯೋದಂತೆ. ನಗಬೇಡ, ನಾನೇನು ಕಟ್ಟಿ ಹೇಳ್ತಿಲ್ಲ. ಅಂಥ ಊರಲ್ಲಿ ಮನೆಮನೇಲೂ ಒಂದು ಅಗ್ಗಿಷ್ಟಿಕೆ, ಅದರ ತುಂಬ ಇದ್ದಿಲ ಕೆಂಡ, ಅದರ ಸುತ್ತ ಮನೆಮಂದಿಯೆಲ್ಲ ಕೈ ಕಾಯಿಸ್ತಾ ಕೂತಿರೋರು.

ಆ ಇದ್ದಿಲು ಎಲ್ಲಿಂದ ಬರೋದು ಅಂದ್ರೆ, ಬೆಟ್ಟದ ಬುಡದಲ್ಲಿ ಇದ್ದಿಲಹಟ್ಟಿ ಅಂತ ಒಂದು ಹಟ್ಟಿ ಇತ್ತಂತೆ. ಅಲ್ಲಿಯೋರು ಜಾಲಿ ಕಡಿದು, ಸೌದೆ ಗೂಡು ಒಟ್ಟಿ, ಮೇಲೆ ಮಣ್ಣು ಮೆತ್ತಿ, ಒಳಗೊಳಗೇ ಬೇಯಿಸಿ ಇದ್ದಿಲು ಮಾಡೋರು. ಗೂಡಿಗೆ ಬೆಂಕಿ ಹಾಕಿದ ಮೇಲೆ ಯಾರಾದ್ರೂ ಒಬ್ಬರು ಪಕ್ಕದಲ್ಲೇ ಕೂತಿರ್ಬೇಕಂತೆ, ಮಣ್ಣು ಎಲ್ಲಾದ್ರೂ ಬಿರುಕು ಬಿಟ್ರೆ ತಕ್ಷಣ ಮೆತ್ತಬೇಕು, ಇಲ್ದಿದ್ರೆ ಒಳಗೆ ಗಾಳಿ ಹೋಗಿ ಅಷ್ಟೂ ಬೂದಿ. ಆ ಹಟ್ಟೀಲಿ ಮಾಕವ್ವ ಅಂತ ಒಬ್ಬಳು ಇದ್ಲಂತೆ, ಗಂಡ ತೀರಿಹೋಗಿದ್ದ, ಒಬ್ಬನೇ ಮಗ, ಅವನ ಹೆಸರು ಜವರ. ಇದ್ದಿಲು ಮುಟ್ಟೀ ಮುಟ್ಟೀ ಮಾಕವ್ವನ ಅಂಗೈ ಕಪ್ಪಾಗಿತ್ತು, ಉಗುರಿನ ಸಂದೀಲೂ ಕಪ್ಪು, ಕೈಗೆರೆ ಒಳಗೂ ಕಪ್ಪು, ಸೀಗೆಪುಡಿ ಹಾಕಿ ತಿಕ್ಕಿದ್ರೂ ಹೋಗೋ ಕಪ್ಪಲ್ಲ ಅದು.

ಇದ್ದಿಲು ತುಂಬೋ ಚೀಲಾನೂ ಅವಳೇ ಹೊಲಿಯೋಳಂತೆ. ಕುರಿ ಕಾಯೋರು ಹೊದ್ದೂ ಹೊದ್ದೂ ತೂತು ಬಿದ್ದ ಕರೀಕಂಬಳಿ ಕೊಡೋರು, ಅದನ್ನ ಎರಡು ಪದರ ಮಡಿಸಿ, ದಬ್ಬಳಕ್ಕೆ ಕತ್ತಾಳೆ ನಾರಿನ ಹುರಿ ಪೋಣಿಸಿ, ದಪ್ಪ ದಪ್ಪ ಹೊಲಿಗೆ ಹಾಕಿ, ಹಿಡ್ಕೊಳ್ಳೋಕೆ ಮೇಲೆ ಎರಡು ಕಿವಿ ಬಿಡೋಳು. ಮಂಜು ಒಳಗಿಳಿಯೋದಿಲ್ಲ, ಇದ್ದಿಲ ಪುಡಿ ಹೊರಗುದುರೋದಿಲ್ಲ, ಎಲ್ಲೋ ಒಂದು ಕಿಡಿ ಉಳ್ಕೊಂಡಿದ್ರೂ ಕಂಬಳಿ ಭಗ್ ಅಂತ ಹತ್ಕೊಳ್ಳೋದಿಲ್ಲ, ಸುಟ್ಟ ವಾಸನೆ ಬಂದು ಅಲ್ಲೇ ನಂದಿ ಹೋಗುತ್ತೆ. ಯಾಕವ್ವಾ ಕಂಬಳೀನೇ ಆಗ್ಬೇಕು ಅಂತ ಯಾರಾದ್ರೂ ಕೇಳಿದ್ರೆ, ನಂಗೇನ್ ಗೊತ್ತಪ್ಪ, ನಮ್ಮತ್ತೆ ಹಿಂಗೇ ಹೊಲೀತಿದ್ರು, ನಾನೂ ಹೊಲೀತೀನಿ ಅನ್ನೋಳು. ಆದ್ರೆ ನೋಡೋಕೆ ಮಾತ್ರ ಬಲು ಅಧ್ವಾನ ಆ ಚೀಲ, ತುಂಬಿಸಿ ನಿಲ್ಲಿಸಿದ್ರೆ ಕರಡಿ ಮರಿ ಕುಕ್ಕರುಗಾಲಲ್ಲಿ ಕೂತ ಹಾಗಿರೋದು.

ಜವರನಿಗೆ ಆ ಚೀಲ ಕಂಡ್ರೆ ಆಗ್ತಿರ್ಲಿಲ್ಲ. ಚೀಲ ಅಂತಲ್ಲ, ಇದ್ದಿಲೇ ಆಗ್ತಿರ್ಲಿಲ್ಲ, ನಿಜ ಹೇಳ್ಬೇಕು ಅಂದ್ರೆ ಅವ್ವನ ಕೈ ಕಂಡ್ರೆ ಆಗ್ತಿರ್ಲಿಲ್ಲ. ಕೋಟೆ ಬೀದೀಲಿ ಅವ್ವ ಮೂಟೆ ಹೊತ್ತು ಬಂದ್ರೆ ಹೆಂಗಸರು ಸೆರಗು ಎಳ್ಕೊಂಡು ಗೋಡೆಗೆ ಅಂಟ್ಕೊಳ್ಳೋರು, ಹುಡುಗರು ಕರಿಮೂಟೆ ಕರಿಮೂಟೆ ಅಂತ ಕೂಗೋವು, ಅವಳು ಆ ಹುಡುಗರ ಜೊತೇಲೇ ನಗೋಳು. ಇವನಿಗೆ ಮಾತ್ರ ಮುಖ ಎಲ್ಲಿಟ್ಕೊಳ್ಳಲಿ ಅನ್ನಿಸೋದಂತೆ. ಅವ್ವನ ಮೇಲೆ ಪ್ರೀತಿ ಇರ್ಲಿಲ್ವಾ ಅಂದ್ರೆ ಇತ್ತು, ಬೇಕಾದಷ್ಟಿತ್ತು, ಆದ್ರೆ ನಾಲ್ಕು ಜನರ ಮುಂದೆ ಆ ಪ್ರೀತಿ ಎಲ್ಲೋ ಹೋಗಿ ಬಚ್ಚಿಟ್ಕೊಳ್ಳೋದು.

ಆಮೇಲೆ ಏನಾಯ್ತು ಅಂದ್ರೆ, ಕೋಟೇಲಿ ಬಿಳೀ ಪಂಚೆ ನೇಯೋ ಮನೆಯೊಂದಿತ್ತಂತೆ, ಆ ಮನೆ ಮಗಳು ದೇವೀರಿ. ಇದ್ದಿಲು ಹಾಕೋಕೆ ಹೋದಾಗ ಇವನು ಅವಳನ್ನ ನೋಡಿದ, ಅವಳು ಇವನನ್ನ ನೋಡಿದ್ಲು, ಮದುವೆ ಅಂತ ಆದ್ರೆ ಇವನನ್ನೇ ಆಗೋದು ಅಂತ ಹಟ ಹಿಡಿದು ಕೂತ್ಲು. ಅಪ್ಪ ಗೊಣಗಿದ, ಅವ್ವ ತಿಮ್ಮಾಜಮ್ಮ ಊಟ ಬಿಟ್ಲು, ಮಗಳು ಜಗ್ಗಲಿಲ್ಲ, ಕೊನೆಗೆ ಮದುವೆ ಗೊತ್ತಾಯ್ತು. ಈಗ ಜವರ ಏನ್ ಮಾಡಿದ ಗೊತ್ತಾ? ಮದುವೆಗೆ ಹೊರಡೋ ಹೊತ್ತಿಗೆ ಸರಿಯಾಗಿ, ಬೇಕೂ ಅಂತ, ಗೂಡಿಗೆ ಬೆಂಕಿ ಹಾಕಿಬಿಟ್ಟ. ಅಯ್ಯೋ, ಗೂಡು ಹತ್ತಿದೆಯಲ್ಲವ್ವ, ಯಾರಾದ್ರೂ ಕಾಯಬೇಕಲ್ಲ ಅಂದ. ಹಟ್ಟಿಯೋರೆಲ್ಲ ದಿಬ್ಬಣ ಹೋದ್ರು, ಮಗನ ಮದುವೆ ದಿನ ಮಾಕವ್ವ ಒಬ್ಬಳೇ ಗೂಡಿನ ಮುಂದೆ ಕೂತಿದ್ಲು. ಹೀಗಾಗಿ ಬೀಗರ ಮನೆಯೋರು ಅವಳ ಮುಖ ನೋಡಲೇ ಇಲ್ಲ, ಆ ಬೀದಿಗೆ ಇದ್ದಿಲು ಹಾಕ್ತಿದ್ದೋನು ಯಾವಾಗಲೂ ಜವರನೇ, ಮಸಿ ಆಗುತ್ತೆ ಅಂತ ಅವರೂ ಹಟ್ಟಿ ಕಡೆ ಇಳೀಲಿಲ್ಲ.

ಹೂಂ ಅನ್ನು. ಮಲಗಿಬಿಟ್ಟೆ ಅನ್ಕೊಂಡೆ. ಏನು, ಜವರ ಕೆಟ್ಟವನಾ ಅಂತೀಯಾ? ಕೇಳು, ಇನ್ನೂ ಇದೆ.

ದೇವೀರಿ ಹಟ್ಟಿಗೆ ಬಂದ್ಲು, ಅತ್ತೆ ಸೊಸೆ ಹೊಂದ್ಕೊಂಡ್ರು ಅಂದ್ರೆ ಅಷ್ಟಿಷ್ಟಲ್ಲ, ಒಂದೇ ತಟ್ಟೇಲಿ ತಿನ್ನೋರಂತೆ. ಆಮೇಲೆ ಅವಳು ಬಸುರಾದ್ಲು, ಚೊಚ್ಚಲ ಹೆರಿಗೆ ಅಲ್ವಾ, ತವರಿಗೆ ಹೋದ್ಲು. ಕೊರೆಯೋ ಚಳೀಲಿ ಒಂದು ಬೆಳಿಗ್ಗೆ ಕೋಟೆಯಿಂದ ಆಳು ಓಡಿ ಬಂದು ಹೆಣ್ಣು ಮಗು ಅಂತ ಸುದ್ದಿ ಹೇಳಿದ. ಈಗ ಆ ಊರಲ್ಲೊಂದು ಪದ್ಧತಿ ಇತ್ತಂತೆ. ಬಾಣಂತಿ ಕೋಣೇಲಿ ಮೊದಲ ಕೆಂಡ ಮಗುವಿನ ಅಪ್ಪನ ಮನೆ ಇದ್ದಿಲಿಂದಲೇ ಆಗ್ಬೇಕು, ಅದನ್ನ ಅಪ್ಪನ ತಾಯೇ ತರಬೇಕು, ಅದಕ್ಕೆ ಅಜ್ಜಿ ಮೂಟೆ ಅಂತ ಹೆಸರು. ಆ ಮೂಟೆ ಬಂದು ಕೆಂಡ ನೆಟ್ಟಗೆ ಕೂರೋವರೆಗೂ ಕೋಣೇಲಿ ಬೇರೆ ಬೆಂಕಿ ಹಾಕೋ ಹಾಗಿಲ್ಲ, ಮಗೂನ ಬೇರೆ ಒಲೆ ಹತ್ರ ಒಯ್ಯೋ ಹಾಗೂ ಇಲ್ಲ. ಖಾಲಿ ಚೀಲಾನ ಬಾಣಂತಿ ಮನೇಲೇ ಬಿಟ್ಟು ಬರೋದು ರೂಢಿ.

ಮಾಕವ್ವನ ಸಂತೋಷ ಕೇಳಬೇಡ. ಹೊಸ ಚೀಲ ಯಾವತ್ತೋ ಹೊಲಿದು ಇಟ್ಟಿದ್ಲು, ಕಂಚಿನ ಹಾಗೆ ಠಣ್ ಅನ್ನೋ ಇದ್ದಿಲು ಒಂದೊಂದೇ ಆರಿಸಿ ತುಂಬಿದ್ಲು, ತಲೆಗೆ ಎಣ್ಣೆ ಹಾಕ್ಕೊಂಡು ಒಗೆದ ಸೀರೆ ಉಟ್ಕೊಂಡು ಹೊರಟೇ ನಿಂತ್ಲು. ಜವರ ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಗೂಡಿಗೆ ಬೆಂಕಿ ಹಾಕಿ ಬಂದಿದ್ದ. ಗೂಡು ಹತ್ತಿದೆಯಲ್ಲವ್ವ, ಅಂದ. ಮಾಕವ್ವ ಹೊಗೆ ನೋಡಿದ್ಲು, ಮಗನ ಮುಖ ನೋಡಿದ್ಲು, ಆಯ್ತು ಕಣ್ ಮಗ, ನೀನೇ ಹೋಗಿ ಬಾ ಅಂದು ಒಳಗೆ ಹೋಗಿ ಹಳೇ ಸೀರೆ ಉಟ್ಕೊಂಡು ಬಂದು ಗೂಡಿನ ಮುಂದೆ ಕೂತ್ಲಂತೆ.

ಜವರ ಮೂಟೆ ಹೊತ್ಕೊಂಡು ಹೊರಟ, ಊರಾಚೆ ಬರ್ತಿದ್ದ ಹಾಗೇ ಯೋಚನೆ ಹತ್ತಿತು. ಈ ಕರಡಿ ಮರೀನ ಹೊತ್ಕೊಂಡು ಆ ಬಿಳೀ ಮನೆಗೆ ಹೆಂಗಪ್ಪಾ ನುಗ್ಗೋದು ಅಂತ. ದಾರೀಲಿ ಉಪ್ಪಿನ ಗಾಡಿಯೋರು ಬೀಡು ಬಿಟ್ಟಿದ್ರು, ಅವರ ಹತ್ರ ಒಂದು ಖಾಲಿ ಚೀಲ ಇಸ್ಕೊಂಡ, ಬೆಳ್ಳಗೆ ಹಾಲಿನ ಹಾಗಿತ್ತು, ಇದ್ದಿಲನ್ನ ಅದಕ್ಕೆ ಸುರಿದ, ಕಂಬಳಿ ಚೀಲಾನ ಕತ್ತಾಳೆ ಮೆಳೆ ಒಳಗೆ ತುರುಕಿ ಬೆಟ್ಟ ಹತ್ತಿದ. ಬೀದೀಲಿ ಯಾರೂ ಸೆರಗು ಎಳ್ಕೊಳ್ಳಲಿಲ್ಲ, ಇವನಿಗೆ ಎದೆ ಉಬ್ಬಿತು.

ಅತ್ತೆ ತಿಮ್ಮಾಜಮ್ಮ ಬಾಗಿಲಲ್ಲೇ ನಿಂತಿದ್ರು. ಬನ್ನಿ ಅಳಿಯಂದ್ರೇ, ಎಲ್ಲಿ ಬೀಗಿತ್ತಿ, ಅಜ್ಜಿ ಮೂಟೆ ಅಜ್ಜಿಯೇ ತರಬೇಕಲ್ವಾ ಅಂದ್ರು. ಅವ್ವಂಗೆ ಮೈ ಸರಿಯಿಲ್ಲ, ಬೆಟ್ಟ ಹತ್ತೋಕಾಗಲ್ಲ ಅಂದ ಇವನು. ಸರಿ, ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿದ್ರು, ಬೆಂಕಿ ಇಟ್ರು. ಉಪ್ಪಿನ ಚೀಲ ನೋಡು, ದಾರಿ ಉದ್ದಕ್ಕೂ ಮಂಜು ಕುಡ್ಕೊಂಡು ಬಂದಿತ್ತು, ಇದ್ದಿಲೆಲ್ಲ ತೇವ, ಮೇಲೆ ಉಪ್ಪಿನ ಹರಳು ಬೇರೆ. ಮೊದಲು ಗುಯ್ ಗುಯ್ ಅಂತ ಹೊಗೆ, ಆಮೇಲೆ ಚಟಪಟ ಚಟಪಟ ಅಂತ ಕಿಡಿ ಸಿಡಿಯೋಕೆ ಶುರುವಾಯ್ತು. ಮಗುವಿನ ತಾತ, ಅಂದ್ರೆ ದೇವೀರಿ ಅಪ್ಪ, ಮೊಮ್ಮಗುಗೆ ಅಂತ ಕೈಯಾರೆ ನೇಯ್ದ ಮೊದಲ ಬಟ್ಟೇಲಿ ಅದನ್ನ ಸುತ್ತಿದ್ರು, ಒಂದು ಕಿಡಿ ಹಾರಿ ಆ ಬಟ್ಟೇಲಿ ತೂತಾಯ್ತು. ದೇವೀರಿ ತಟಕ್ಕನೆ ಕೊಡವಿದ್ಲು, ಮಗುಗೇನೂ ಆಗ್ಲಿಲ್ಲ, ಆದ್ರೆ ಬೆಂಕಿ ಆರಿಸಬೇಕಾಯ್ತು. ಜವರ ತಲೆ ಬಗ್ಗಿಸಿಕೊಂಡು ನಾಳೆ ಬೇರೆ ತರ್ತೀನಿ ಅಂದು ಬಂದುಬಿಟ್ಟ.

ಹಟ್ಟೀಲಿ ಮಾಕವ್ವ ದಾರಿ ಕಾಯ್ತಿದ್ಲು. ಮಗು ಯಾರಂಗೈತೆ ಮಗ, ಕೂದಲು ಐತಾ, ನನ್ನ ಇದ್ದಿಲು ಚೆನ್ನಾಗಿ ಹತ್ತಿತಾ, ಅಂತ ಒಂದೇ ಉಸಿರಿಗೆ ಕೇಳಿದ್ಲು. ಚೆನ್ನಾಗಿ ಹತ್ತಿತವ್ವ, ಇನ್ನೊಂದು ಮೂಟೆ ಬೇಕಂತೆ ಅಂದ. ಅವಳ ಮುಖ ಅರಳಿಹೋಯ್ತು, ಹೌದಾ, ಇನ್ನೂ ಬೇಕಂತಾ ಅಂತ ಆಗಲೇ ಆರಿಸೋಕೆ ಕೂತ್ಲು. ಇವನು ಅರ್ಧ ಊಟಕ್ಕೇ ಎದ್ದು ಕೈ ತೊಳ್ಕೊಂಡನಂತೆ.

ಮಾರನೇ ದಿನ ಎರಡನೇ ಮೂಟೆ. ಈ ಸಲ ಆಲೆಮನೆ ದಾರಿ ಹಿಡಿದ. ಅಲ್ಲಿ ಬೆಲ್ಲ ತುಂಬೋ ಚೀಲ ಇರುತ್ತಲ್ಲ, ಮೆತ್ತಗೆ, ಹೊಂಬಣ್ಣ, ಘಮ್ ಅಂತ ವಾಸನೆ. ಇದಾದ್ರೆ ಒಣಗಿದೆ, ಉಪ್ಪಿಲ್ಲ, ಸಿಡಿಯೋದೂ ಇಲ್ಲ ಅಂತ ತನ್ನ ಬುದ್ಧಿಗೆ ತಾನೇ ಮೆಚ್ಕೊಂಡು ಇದ್ದಿಲು ಅದಕ್ಕೆ ಸುರಿದ, ಕಂಬಳಿ ಚೀಲ ಮತ್ತೆ ಕತ್ತಾಳೆ ಮೆಳೆಗೆ. ಬೆಟ್ಟದ ಅರ್ಧ ದಾರೀಲಿ ದಣಿವಾರಿಸಿಕೊಳ್ಳೋಕೆ ಮೂಟೆ ಇಳಿಸಿ ಕೂತ, ಎದ್ದ, ಹೊತ್ಕೊಂಡ, ನಡೆದ. ಒಳಗೆ ಯಾರು ಸೇರ್ಕೊಂಡ್ರು ಹೇಳು ನೋಡೋಣ? ಇರುವೆ! ಕೆಂಪಿರುವೆ ಕಣೋ, ಒಂದು ಸೈನ್ಯ.

ಬಾಣಂತಿ ಕೋಣೇಲಿ ಅಗ್ಗಿಷ್ಟಿಕೆಗೆ ಸುರಿದು ಬೆಂಕಿ ಇಟ್ಟದ್ದೇ ತಡ, ಬಿಸಿ ತಾಗಿ ಇರುವೆಗಳು ದಡಬಡ ಹೊರಟ್ವು. ಗೋಡೆ ಹತ್ತಿದ್ವು, ಚಾಪೆ ಹತ್ತಿದ್ವು, ಮಗು ಹಾಸಿಗೆ ಹತ್ತಿದ್ವು. ಎಳೇ ಪಾದಕ್ಕೆ ಕಚ್ಚಿ ಮಗು ಕಿಟಾರನೆ ಕಿರುಚಿಕೊಳ್ತು. ಬೆಲ್ಲ ಸುಟ್ಟ ಕಮಟು ಹೊಗೆ ಬೇರೆ. ಮತ್ತೆ ಬೆಂಕಿ ಆರಿಸಿದ್ರು. ಕೋಣೆ ಅನ್ನೋದು ಮಂಜಿನ ಗುಂಡಿಯಾಗಿತ್ತು, ಮಗುವಿನ ಕೈಕಾಲು ತಣ್ಣಗೆ, ತುಟಿ ಬಣ್ಣ ಕುಂದಿತ್ತು. ತಿಮ್ಮಾಜಮ್ಮ ಇನ್ನು ತಡ್ಕೊಳ್ಳಲಿಲ್ಲ. ಅಳಿಯಂದ್ರೇ, ಇದನ್ನ ತುಂಬಿದೋರು ಯಾರು, ಕೂಸಿನ ಕೋಣೆಗೆ ಅನ್ನೋ ಜ್ಞಾನ ಬೇಡ್ವಾ ಅಂದ್ರು.

ಆಗ ಜವರನ ಬಾಯಲ್ಲಿ ಬಂದ ಮಾತು ಕೇಳು. ನಮ್ಮಲ್ಲಿ ಕೆಲಸಕ್ಕೊಬ್ಬಳು ಮುದುಕಿ ಇದ್ದಾಳೆ ಅತ್ತೆಮ್ಮಾ, ಅವಳೇ ತುಂಬಿದ್ದು, ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಅಂದುಬಿಟ್ಟ.

ಅಂದಮೇಲೆ ಅವನಿಗೇ ಅವನ ದನಿ ಯಾರದ್ದೋ ಅನ್ನಿಸಿತಂತೆ. ಒಳಗೆ ಪರದೆ ಹಿಂದೆ ದೇವೀರಿ ಎಲ್ಲಾ ಕೇಳಿಸ್ಕೊಂಡ್ಲು. ಅಮ್ಮ ಆಚೆ ಹೋದ ಮೇಲೆ ಗಂಡನ್ನ ಪರದೆ ಹತ್ರ ಕರೆದ್ಲು. ಬೈತಾಳೆ ಅಂತ ಇವನು ಕಾದ. ಅವಳು ಮೆಲ್ಲಗೆ ಕೇಳಿದ್ಲಂತೆ, ಆ ಕೆಲಸದ ಮುದುಕಿ, ನಂಗೆ ಬಸುರೀಲಿ ಕಾಲು ಊದ್ಕೊಂಡಾಗ ಬಿಸಿನೀರು ಹಾಕಿ ತಿಕ್ಕಿದೋರೇ ಅಲ್ವಾ? ನಾನು ವಾಂತಿ ಮಾಡಿದ್ದನ್ನ ಬರೀ ಕೈಯಲ್ಲಿ ಬಳಿದೋರೇ ಅಲ್ವಾ? ಜವರನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಾಳೆ ಅವರನ್ನ ಕರ್ಕೊಂಡ್ ಬನ್ನಿ, ಮಗು ನಡುಗ್ತಿದೆ, ಇಲ್ಲದಿದ್ರೆ ನಾನು ಆ ಹಟ್ಟಿಗೆ ಯಾವ ಮುಖ ಇಟ್ಕೊಂಡು ವಾಪಸ್ಸು ಬರ್ಲಿ, ಬರಲ್ಲ ನಾನು, ಅಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಲು.

ಕರ್ಕೊಂಡು ಬರ್ತೀನಿ ಅಂತ ದಾರಿ ಉದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹಟ್ಟಿಗೆ ಬಂದ. ಮಾಕವ್ವ ಮತ್ತೆ ಅದೇ ಕೇಳಿದ್ಲು, ಹತ್ತಿತಾ, ಮಗು ಬೆಚ್ಚಗೈತಾ. ಬೆಚ್ಚಗಿದೆಯವ್ವ ಅಂದ. ಒಂದ್ ಗಳಿಗೆ ನಾನೂ ಬಂದು ನೋಡ್ಕೊಂಡ್ ಬಂದ್ಬಿಡ್ಲಾ ಮಗ, ಒಳಗೆ ಬರಕಿಲ್ಲ, ಬಾಗಿಲ ತಾವ ನಿಂತು ನೋಡ್ತೀನಿ ಅಷ್ಟೆಯಾ, ಅಂದ್ಲು. ಜವರ ಬಾಯಿ ತೆಗೆದ. ಬಂದ ಮಾತು, ಮೇಲೆ ಬಲು ಚಳಿ ಕಣವ್ವ, ನಿಂಗಾಗಲ್ಲ.

ಬೆಳಿಗ್ಗೆ ಎದ್ದು ನೋಡ್ತಾನೆ, ಮಾಕವ್ವ ಹಿತ್ತಲ ಕಲ್ಲಿನ ಮುಂದೆ ಕೂತು ಹುಣಸೇಹಣ್ಣು, ಬೂದಿ, ತೆಂಗಿನ ನಾರು ಇಟ್ಕೊಂಡು ಕೈ ತಿಕ್ತಿದ್ಲಂತೆ. ತಿಕ್ಕಿ ತಿಕ್ಕಿ ಚರ್ಮ ಎದ್ದು ಅಲ್ಲಲ್ಲಿ ಕೆಂಪಾಗಿತ್ತು, ಕಪ್ಪು ಮಾತ್ರ ಹಾಗೇ ಇತ್ತು. ಮಗನ್ನ ನೋಡಿ ಕೈ ಸೆರಗೊಳಗೆ ಮುಚ್ಕೊಂಡು ನಕ್ಲು. ಅವಳಿಗೆ ಎಲ್ಲಾ ಗೊತ್ತಿತ್ತು ಕಂದ. ಮದುವೆ ದಿನದ ಗೂಡೂ ಗೊತ್ತಿತ್ತು. ಜವರನಿಗೆ ಅದು ಆವಾಗ ತಿಳೀತು, ತಿಳಿದೂ ಅವನು ಮೂಟೆ ಎತ್ಕೊಂಡು ಒಬ್ಬನೇ ಹೊರಟ. ನಾಚಿಕೆ ಅನ್ನೋದು ಹಾಗೇ, ಒಂದು ಸಲ ಸುಳ್ಳು ಹೇಳಿಸಿದ್ರೆ ಆಮೇಲೆ ಆ ಸುಳ್ಳಿಗೂ ನಾಚಿಕೆ ಪಟ್ಕೊಂಡು ಇನ್ನೊಂದು ಹೇಳಬೇಕು.

ಮೂರನೇ ದಿನ ಸಂತೆ ದಾರೀಲಿ ಮೆಣಸಿನಕಾಯಿ ವ್ಯಾಪಾರದೋರ ಹತ್ರ ಚೀಲ ತಗೊಂಡ. ಹೌದು, ಮೆಣಸಿನಕಾಯಿ ಚೀಲ, ಈಗಲೇ ಮೂಗು ಮುಚ್ಕೊಬೇಡ. ಕೆಂಪು ಅಂಚು, ಸಣ್ಣ ಹೊಲಿಗೆ, ಮದುವೆ ಹೆಣ್ಣಿನ ಹಾಗಿತ್ತು ಚೀಲ. ಒಳಗಡೆ ತಿರುಗಿಸಿ ಕಲ್ಲಿಗೆ ಬಡಿದ, ಕೊಡವಿದ, ಆ ಕ್ಷೀ ಅಂತ ಸೀನಿದ, ಹೋಯ್ತು ಬಿಡು ಅಂತ ಇದ್ದಿಲು ತುಂಬ್ಕೊಂಡ, ಕಂಬಳಿ ಚೀಲ ಅದೇ ಮೆಳೆಗೆ.

ಕೋಣೇಲಿ ಬೆಂಕಿ ಇಟ್ರು. ಮೊದಮೊದಲು ಚೆನ್ನಾಗೇ ಹತ್ತಿತು, ಕೆಂಡ ಕೆಂಪಗಾಯ್ತು, ತಿಮ್ಮಾಜಮ್ಮ ಅಬ್ಬ ಅಂದ್ರು. ಆಮೇಲೆ ಬಂತು ನೋಡು ಘಾಟು! ಒಗ್ಗರಣೆಗೆ ಎರಡು ಮೆಣಸಿನಕಾಯಿ ಸೀದ್ರೇ ಮನೆಮಂದಿ ಕೆಮ್ಮಿ ಸಾಯ್ತೀವಿ, ಇದು ಚೀಲಗಟ್ಟಲೆ ಕಾಯಿಯ ಪುಡಿ, ಒಂದೊಂದು ಇದ್ದಿಲಿಗೂ ಅಂಟಿತ್ತು, ಅದೂ ಕಿಟಕಿ ಮುಚ್ಚಿದ ಕೋಣೇಲಿ. ತಾತ ಮಗ್ಗ ಬಿಟ್ಟು ಕೆಮ್ತಾ ಓಡಿ ಬಂದ, ತಿಮ್ಮಾಜಮ್ಮನ ಕಣ್ಣಲ್ಲಿ ಧಾರಾಕಾರ ನೀರು, ದೇವೀರಿ ಹಸೀ ಮೈಯಲ್ಲೇ ಮಗೂನ ಎದೆಗವಚಿಕೊಂಡು ಬೀದಿ ಜಗುಲಿಗೆ ಬಂದ್ಲು. ಮಗು ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಆಮೇಲೆ ನೀಲಿಯಾಗಿ, ಉಸಿರು ಎಳೆಯೋಕೇ ಮರೆತ ಹಾಗಾಯ್ತು. ದೇವೀರಿ ಬೆನ್ನು ತಟ್ಟಿ ತಟ್ಟಿ, ಕೊನೆಗೆ ಕೀರಲು ದನೀಲಿ ಒಂದು ಅಳು ಬಂತು. ಉಸಿರೇನೋ ಬಂತು, ಆದ್ರೆ ಜಗುಲಿ ಮೇಲೆ ಮಂಜು ಬೀಳ್ತಿತ್ತು, ಮನೆ ಒಳಗೆ ಹೋಗೋ ಹಾಗಿಲ್ಲ, ಕಾಯಿಸೋಕೆ ಕೆಂಡ ಇಲ್ಲ, ಮಗು ಮೈ ತಣ್ಣಗಾಗ್ತಾ ಬಂತು.

ಅಕ್ಕಪಕ್ಕದೋರೆಲ್ಲ ಸೇರಿದ್ರು. ತಿಮ್ಮಾಜಮ್ಮ ಕಣ್ಣೊರೆಸಿಕೊಳ್ತಾ ಶುರುಮಾಡಿದ್ರು, ಕೊಲ್ಲಬೇಕು ಅಂತಲೇ ತುಂಬಿದಾಳಾ ಆ ನಿಮ್ಮ ಕೆಲಸದೋಳು, ಎಲ್ಲಿ ಅವಳು, ಕರ್ಕೊಂಡ್ ಬನ್ನಿ ಅವಳನ್ನ, ಒಂದು ಕೇಳೇ ಬಿಡ್ತೀನಿ, ಅಂತ.

ಅಷ್ಟೊತ್ತಿಗೆ ಬೀದಿ ತುದೀಲಿ ಏದುಸಿರು ಬಿಡ್ತಾ ಒಬ್ಬಳು ಓಡೋಡಿ ಬರ್ತಿದ್ಲಂತೆ, ತಲೆ ಮೇಲೆ ಕರೀ ಕಂಬಳಿ ಮೂಟೆ.

ಏನಾಗಿತ್ತು ಅಂದ್ರೆ, ಮಗ ಹೋದ ಮೇಲೆ ಮಾಕವ್ವ ಹುರಿ ಹೊಸೆಯೋಕೆ ನಾರು ಬೇಕು ಅಂತ ಕತ್ತಾಳೆ ಕೊಯ್ಯೋಕೆ ಮೆಳೆಗೆ ಹೋಗಿದ್ಲು. ಅಲ್ಲಿ ತಾನು ಹೊಲಿದ ಚೀಲ, ಒಂದಲ್ಲ, ಮೂರೂ ಬಿದ್ದಿದ್ವು. ಕೈಗೆತ್ಕೊಂಡು ಅಲ್ಲೇ ಕೂತ್ಲು. ಅತ್ಲಂತೆ ಒಂಚೂರು. ಆಮೇಲೆ ಥಟ್ ಅಂತ ತಲೆಗೆ ಹೊಳೀತು, ಅಯ್ಯೋ ದೇವರೇ, ಚೀಲ ಇಲ್ಲಿದ್ರೆ ಇದ್ದಿಲು ಯಾತರಲ್ಲಿ ಹೋಯ್ತು, ಎಂಥಾ ಕಸ ಸೇರಿದ ಇದ್ದಿಲು ಉರಿಸ್ತಾ ಇದಾರೋ ಕೂಸಿನ ತಾವ ಅಂತ. ಹಟ್ಟಿಗೆ ಓಡಿ ಬಂದು ಒಂದು ಚೀಲಕ್ಕೆ ತುಂಬಿದ್ಲು, ಗೂಡಿನ ಮಣ್ಣು ಬಿರುಕು ಬಿಟ್ಟು ಬುಸು ಬುಸು ಹೊಗೆ ಏಳ್ತಿತ್ತು, ಹಾಳಾಗಿ ಹೋಗ್ಲಿ ಅಂತ ಅದರ ಕಡೆ ತಿರುಗಿಯೂ ನೋಡದೆ ಬೆಟ್ಟ ಹತ್ತಿಬಿಟ್ಟಿದ್ಲು.

ಜನ ದಾರಿ ಬಿಟ್ರು. ತಿಮ್ಮಾಜಮ್ಮ ಅವಳನ್ನ ಮೇಲಿಂದ ಕೆಳಗೆ ನೋಡಿದ್ರು, ಕಪ್ಪು ಕೈ, ಬೂದಿ ಮೆತ್ತಿದ ಸೀರೆ. ಏನೇ ಮುದುಕಿ, ಮೆಣಸಿನಕಾಯಿ ಚೀಲಕ್ಕೆ ಇದ್ದಿಲು ತುಂಬಿ ಕಳಿಸಿದ ಕೆಲಸದೋಳು ನೀನೇ ಏನೇ, ಅಂದ್ರು.

ಮಾಕವ್ವ ಮಗನ ಕಡೆ ನೋಡಿದ್ಲು. ಜವರ ನೆಲ ನೋಡ್ತಿದ್ದ. ಅವಳಿಗೆ ಅಷ್ಟು ಸಾಕಾಯ್ತು. ಮೂಟೆ ಇಳಿಸಿ ಕೈ ಮುಗಿದು ಹೇಳಿದ್ಲಂತೆ, ಹೌದು ತಾಯಿ, ಕೆಲಸದೋಳೇ ನಾನು. ತಪ್ಪು ನಂದೇಯಾ, ಕಣ್ಣು ಕಾಣದೆ ಚೀಲ ತಪ್ಪಾಯ್ತು. ನಮ್ಮ ಯಜಮಾನ್ರನ್ನ ಏನೂ ಅನ್ನಬೇಡಿ, ಅವರು ಒಳ್ಳೇರು.

ಅವರು ಅಂದ್ಲು ಕಂದ. ತಾನು ಹೆತ್ತ ಮಗನಿಗೆ, ಅವರು.

ಆಮೇಲೆ ಇನ್ನೇನೂ ಮಾತಾಡದೆ, ಜಗುಲಿ ಮೇಲೇ ಅಗ್ಗಿಷ್ಟಿಕೆ ತರಿಸಿ, ಘಾಟಿನ ಇದ್ದಿಲನ್ನೆಲ್ಲ ಬೀದಿಗೆ ಸುರಿದು, ಬೂದಿ ಒರೆಸಿ, ಕಂಬಳಿ ಚೀಲದ ಇದ್ದಿಲು ಒಂದರ ಮೇಲೊಂದು ಜೋಡಿಸಿ, ಪಕ್ಕದ ಮನೆ ಒಲೆಯಿಂದ ಒಂದು ಕಿಡಿ ತಂದಿಟ್ಟು, ಮೊಣಕಾಲೂರಿ ಕೂತು ಊದಿದ್ಲು. ಹೊಗೆ ಇಲ್ಲ, ಸಿಡಿಯೋದಿಲ್ಲ, ವಾಸನೆ ಇಲ್ಲ, ಮೆಲ್ಲಗೆ ಕೆಂಪೇರಿತು. ದೇವೀರಿ ಮಗೂನ ಹತ್ರ ಹಿಡಿದ್ಲು. ಸ್ವಲ್ಪ ಹೊತ್ತಿಗೆ ಮಗುವಿನ ತುಟಿಗೆ ಬಣ್ಣ ಬಂತು, ಮುಷ್ಟಿ ಬಿಚ್ಚಿಕೊಳ್ತು, ಆಕಳಿಸಿತು. ಮಾಕವ್ವ ಮಗೂನ ನೋಡಿದ್ಲು, ಕಣ್ತುಂಬ ನೋಡಿದ್ಲು, ಮೊದಲನೇ ಸಲ ನೋಡ್ತಿದಾಳೆ ತಾನೇ. ನೋಡಿ, ಬತ್ತೀನಿ ತಾಯಿ ಅಂದು ಎದ್ದು ಖಾಲಿ ಕೈಯಲ್ಲಿ ಹೊರಟ್ಲು.

ಆಗ ಜವರನಿಗೆ ಎದೆ ಒಡೀತು. ಅವ್ವಾ ಅಂತ ಕಿರುಚಿದ. ಬೀದಿ ಬೀದಿಯೇ ತಿರುಗಿ ನೋಡ್ತು. ಓಡಿ ಹೋಗಿ ಅವಳ ಕಾಲು ಹಿಡ್ಕೊಂಡ, ಬಿಡವ್ವ ಬಿಡು, ಜನ ನೋಡ್ತಾರೆ ಅಂದ್ಲು ಅವಳು. ನೋಡ್ಲಿ ಅಂದ. ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದ, ಇವಳು ಕೆಲಸದೋಳಲ್ಲ, ನಮ್ಮವ್ವ, ನನ್ನ ಹೆತ್ತೋಳು. ಇವಳ ಕೈ ಕಪ್ಪು ಅಂತ ನಾನು ಮದುವೆಗೂ ಕರ್ಕೊಂಡು ಬರ್ಲಿಲ್ಲ, ಗೂಡಿಗೆ ಬೆಂಕಿ ಹಾಕಿ ಕಾವಲು ಕೂರಿಸಿ ಬಂದೆ. ಇವಳು ಹೊಲಿದ ಚೀಲ ಮೆಳೆಗೆ ಎಸೆದೆ. ಉಪ್ಪಿನ ಚೀಲ, ಬೆಲ್ಲದ ಚೀಲ, ಮೆಣಸಿನಕಾಯಿ ಚೀಲ ಎಲ್ಲಾ ನಾನೇ ತುಂಬಿದ್ದು. ಇವಳಿಗೆ ಕಣ್ಣು ಚೆನ್ನಾಗೇ ಕಾಣುತ್ತೆ, ಕಾಣದೇ ಇದ್ದದ್ದು ನಂಗೆ, ಅಂತ ಹೇಳಿ ಹೇಳಿ ಮಗುವಿನ ಹಾಗೆ ಅತ್ತ.

ತಿಮ್ಮಾಜಮ್ಮನ ಮುಖ ನೋಡಬೇಕಿತ್ತು, ಇಷ್ಟು ಹೊತ್ತು ಮೆಣಸಿನಕಾಯಿಗೆ ಕೆಂಪಾಗಿದ್ದದ್ದು ಈಗ ಇನ್ನೊಂದು ಥರ ಕೆಂಪಾಯ್ತು. ಹಟ್ಟಿ ಇಳಿದು ಬೀಗಿತ್ತಿ ಮುಖ ನೋಡ್ಬೇಕು ಅಂತ ತನಗೂ ಒಂದು ದಿನ ಅನ್ನಿಸ್ಲಿಲ್ಲವಲ್ಲಾ, ಮಸಿಗೆ ಹೆದರಿ ಕೂತೆನಲ್ಲಾ, ಏನೇ ಮುದುಕಿ ಅಂದುಬಿಟ್ಟೆನಲ್ಲಾ ಅಂತ. ಕೈ ಹಿಡಿದು, ಬೀಗಿತ್ತಮ್ಮ ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಒಳಗೆ ಬನ್ನಿ, ಅಂದ್ರು.

ದೇವೀರಿ ಎದ್ದು ಬಂದು ಮಗೂನ ಅತ್ತೆ ಕಡೆ ಚಾಚಿದ್ಲು. ಮಾಕವ್ವ ಎರಡೂ ಕೈ ಹಿಂದಕ್ಕೆ ಎಳ್ಕೊಂಡ್ಲು, ಬ್ಯಾಡ ಕಣವ್ವ, ಬಿಳೀ ಬಟ್ಟೆ, ಮಸಿ ಆಯ್ತದೆ ಅಂದ್ಲು. ಆಗ್ಲಿ ಬಿಡಿ ಅತ್ತೇ ಅಂತ ದೇವೀರಿ ಮಗೂನ ಆ ಕೈ ಮೇಲೇ ಮಲಗಿಸಿಬಿಟ್ಲು. ಮಾಕವ್ವ ಹೆದರ್ತಾ ಹೆದರ್ತಾ ಒಂದು ಬೆರಳಲ್ಲಿ ಕೆನ್ನೆ ಮುಟ್ಟಿದ್ಲು, ಅಲ್ಲೊಂದು ಕಪ್ಪು ಗುರುತು ಕೂತಿತು. ಗಾಬರಿಯಾಗಿ ಒರೆಸೋಕೆ ಹೋದ್ಲು, ತಿಮ್ಮಾಜಮ್ಮ ಅವಳ ಕೈ ತಡೆದು, ಇರ್ಲಿ ಬಿಡಿ, ಇಷ್ಟು ಜನರ ಕಣ್ಣು ಬಿದ್ದಿದೆ, ಅಜ್ಜಿ ಇಟ್ಟ ದೃಷ್ಟಿಬೊಟ್ಟು, ನಾನ್ಯಾರು ಒರೆಸೋಕೆ ಅಂದ್ರಂತೆ.

ಆಮೇಲೆ ಎಲ್ಲಾ ಒಳ್ಳೇದೇ ಆಯ್ತು. ನಾಮಕರಣಕ್ಕೆ ಮಾಕವ್ವ ಎದುರು ಸಾಲಲ್ಲೇ ಕೂತು, ಮಗು ಕಿವೀಲಿ ಹೆಸರು ಹೇಳಿದ್ಲು. ದೇವೀರಿ ಮಗು ಎತ್ಕೊಂಡು ಹಟ್ಟಿಗೆ ಬಂದ್ಲು. ಬೂದಿಯಾದ ಗೂಡನ್ನ ಜವರ ಒಬ್ಬನೇ ಬಾಚಿ ಹೊಸದು ಕಟ್ಟಿದ. ಕೋಟೇಲಿ ಯಾರ ಮನೆ ಹೆರಿಗೆ ಆದ್ರೂ ಕಂಬಳಿ ಚೀಲದ್ದೇ ಇದ್ದಿಲು ಕಳಿಸ್ರಪ್ಪಾ ಅನ್ನೋರು, ತಾಯಿ ಮಗ ಕೂತು ಹೊಲಿಯೋರು.

ಹೀಗೇ ಹೊಲೀತಾ ಕೂತಿದ್ದಾಗ ಒಂದು ದಿನ ಜವರ, ಅವ್ವಾ, ಅವತ್ತು ನಾನು ಮಾಡಿದ್ದು, ಅಂತ ಶುರುಮಾಡಿದ. ಯಾವತ್ತು ಅಂದ್ಲು ಮಾಕವ್ವ. ಅದೇ ಅವತ್ತು, ಬೀದೀಲಿ, ಅಂದ. ಯಾವತ್ತೋ ಏನೋ, ನಂಗೆ ಗ್ಯಾನ ಇಲ್ಲ, ಹುರಿ ಎಳಿ ಅತ್ಲಾಗೆ, ಸಡಿಲ ಆಯ್ತದೆ, ಅಂದ್ಲು. ಆಮೇಲೆ ಬದುಕಿರೋವರೆಗೂ ಆ ಮಾತೇ ಎತ್ತಲಿಲ್ಲ. ಬೈದಿದ್ರೆ, ಒಂದು ಏಟು ಹಾಕಿದ್ರೆ, ಜವರನಿಗೆ ಹಗುರ ಆಗೋದು. ಅವಳು ಬೈಲಿಲ್ಲ. ಅದಕ್ಕೇ ಅವನು ಏನ್ ಮಾಡೋನು ಅಂದ್ರೆ, ಅವ್ವನ್ನ ಕರ್ಕೊಂಡು ಕೋಟೆಗೆ ಹೋದಾಗೆಲ್ಲ ಕಂಡೋರಿಗೆಲ್ಲ ಹೇಳೋನಂತೆ, ಇವಳು ನಮ್ಮವ್ವ, ಅಂತ. ಗೊತ್ತಿರೋರಿಗೂ ಹೇಳೋನು, ನಿನ್ನೆ ಹೇಳಿದೋರಿಗೂ ಹೇಳೋನು. ಜನ ನಗೋರು, ಗೊತ್ತಪ್ಪಾ ಜವರ, ಎಷ್ಟು ಸಲ ಹೇಳ್ತೀಯೋ ಅನ್ನೋರು. ಅವನು ತಲೆ ಬಗ್ಗಿಸಿ ಮುಂದಿನ ಮನೆಗೆ ಹೋಗಿ ಮತ್ತೆ ಹೇಳೋನು, ಇವಳು ನಮ್ಮವ್ವ.

ಅವರೆಲ್ಲ ಬೆಟ್ಟದ ಬುಡದಲ್ಲಿ ಚೆನ್ನಾಗಿ ಬಾಳಿದ್ರು, ಕೂಸು ಬೆಳೀತು. ನಿದ್ದೆ ಬಂತಾ ಕಂದ? ಕಣ್ಮುಚ್ಚು. ಇಲ್ಲಿಗೆ ಕತೆ ಮುಗೀತು.